ತಿರುಗಿಸಿ ಕೊಡಬಾರದ ಏಟು

ಹೆಸಲ್‌ಬರ್ನ್
ಸಂತ ಮಾರ್ಟಿನ್ ಹಬ್ಬಕ್ಕೆ ನಾಲ್ಕು ದಿನ ಮೊದಲು, 1341

ವಾರ್ಡ್‌ಲಾ ಕೋಟೆಯ ಕಾವಲುಪಡೆಯಲ್ಲಿರುವ ಸರ್ ಜರ್ವೇಸ್ ಅವರಿಗೆ, ಇನ್ನೂ ನಿಮ್ಮ ಹೆಂಡತಿಯೇ ಆಗಿರುವ ಏವಿಸ್ ಮಾಡುವ ವಂದನೆಗಳು.

ನಾಲ್ಕು ವರ್ಷಗಳಿಂದ ನಾವು ಒಬ್ಬರಿಗೊಬ್ಬರು ಒಂದು ಸಾಲು ಬರೆದವರಲ್ಲ. ಈಗ ಕ್ಷೇಮಸಮಾಚಾರ ಕೇಳುತ್ತ ಕೂರಲು ನನಗೆ ಹೊತ್ತಿಲ್ಲ. ಮೊದಲು ಕುದುರೆಗೆ ಜೀನು ಬಿಗಿಯಲು ಹೇಳಿ, ಆಮೇಲೆ ಮುಂದೆ ಓದಿ. ಪಿಯರ್ಸ್ ಗಡಿಯಾಚೆ ಸೆರೆಸಿಕ್ಕಿದ್ದಾನೆ. ಹಬ್ಬದ ದಿನ ಮಧ್ಯಾಹ್ನ ನಿಮ್ಮ ಮಗನನ್ನು ನೇಣಿಗೆ ಹಾಕುತ್ತಾರೆ.

ಪಾದ್ರಿಯ ಕೈಯಲ್ಲಿ ಬರೆಸದೆ ನಾನೇ ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲಿ ಮಠದ ಸನ್ಯಾಸಿನಿಯರು ಕಲಿಸಿದ ಅಕ್ಷರ ಇದು, ಪಿಯರ್ಸ್‌ಗೂ ನಾನೇ ತಿದ್ದಿಸಿದ ಅಕ್ಷರ. ಇಂದು ಅವಸರಕ್ಕೆ ಸೊಟ್ಟಗಾಗಿದೆ, ಕ್ಷಮಿಸಿ. ಈ ಓಲೆಯಲ್ಲಿ ಬರೆಯಬೇಕಾದ ಕೆಲವು ಮಾತುಗಳನ್ನು ಪಾದ್ರಿಯ ಮುಂದೆ ಮೊಣಕಾಲೂರಿದಾಗಲೂ ನಾನು ಹೇಳಿಲ್ಲ.

ಸುದ್ದಿ ತಂದವನು ನಮ್ಮ ಗಾಡಿ ಹೊಡೆಯುವ ಮುದುಕ ಹಾಬ್. ಕಳುವಾದ ದನಗಳನ್ನು ಹುಡುಕಿಕೊಂಡು ಪಿಯರ್ಸ್ ಮತ್ತು ಐವರು ಬಿಲ್ಲುಗಾರರು ನದಿ ದಾಟಿದ್ದರು. ಹಿಂದೆ ಗಾಡಿಯಲ್ಲಿ ಇವನು. ದನ ಸಿಗಲಿಲ್ಲ. ಸಿಟ್ಟಿನಲ್ಲಿ ಅವರಲ್ಲಿ ಯಾರೋ ಡನ್‌ಕ್ರೇಗಿನ ಸರ್ ಫರ್ಗಸ್‌ನ ಹುಲ್ಲಿನ ಕೊಟ್ಟಿಗೆಗೆ ಬೆಂಕಿ ಇಟ್ಟಿದ್ದಾರೆ. ಹಿಂತಿರುಗುವಾಗ ಎಲ್ಲರೂ ಸಿಕ್ಕಿಬಿದ್ದರು. ಹಾಬ್‌ನ ನರೆತ ತಲೆ ನೋಡಿ ಅವನೊಬ್ಬನನ್ನು ಬಿಟ್ಟು ಕಳಿಸಿದರಂತೆ. ಗಡಿಯ ರೂಢಿಯನ್ನು ನಿಮಗೆ ನಾನು ಹೇಳಿಕೊಡಬೇಕೇ? ಬಿಲ್ಲುಗಾರನಿಗೆ ಹಗ್ಗ, ನೈಟ್ ಪದವಿಯ ವೀರನಿಗೆ ಊಟದ ಮೇಜು. ನೈಟ್ ಆದವನನ್ನು ಇಟ್ಟುಕೊಂಡು, ಊಟ ಹಾಕಿ, ಬಿಡುಗಡೆ ಹಣ ಬಂದ ಮೇಲೆ ಮರ್ಯಾದೆಯಿಂದ ಕಳಿಸುತ್ತಾರೆ. ಮಿಕ್ಕವರನ್ನು ಊಟಕ್ಕೆ ದಂಡ ಎಂದು ತೂಗುಹಾಕುತ್ತಾರೆ.

ಪಿಯರ್ಸ್‌ನ ಮುಖಲಕ್ಷಣ, ಮಾತಿನ ರೀತಿ ನೋಡಿ ಫರ್ಗಸ್‌ಗೆ ಅನುಮಾನ ಬಂದಿದೆ. "ಲೋ, ನೀನು ಯಾರ ಮಗ? ನೈಟ್ ಹೌದಾ, ಅಲ್ವಾ?" ಎಂದು ಮೂರು ಸಲ ಕೇಳಿದನಂತೆ. ಒಮ್ಮೆ ತಲೆಯಾಡಿಸಿದ್ದರೆ ಸಾಕಿತ್ತು. ನಿಮ್ಮ ಮಗ ಮೂರು ಸಲವೂ ಒಂದೇ ಮಾತು ಹೇಳಿದನಂತೆ: "ಅದನ್ನ ನಮ್ಮಪ್ಪನ್ನೇ ಕೇಳಿ." ಅಪ್ಪ ಯಾರೆಂದು ತಿಳಿದ ಮೇಲೆ ಫರ್ಗಸ್ ನಕ್ಕು ಹಾಬ್‌ಗೆ ಹೇಳಿ ಕಳಿಸಿದ್ದಾನೆ: "ಹೋಗು, ಜರ್ವೇಸ್‌ನ ಕರ್ಕೊಂಡು ಬಾ. ಅವನು ಹೌದು ಅಂದ್ರೆ ಹೌದು, ಅಲ್ಲ ಅಂದ್ರೆ ಅಲ್ಲ. ಆ ಮನುಷ್ಯನ ಮಾತಿಗೆ ನಾನು ಮನೆ ಬೀಗದ ಕೈ ಬೇಕಾದ್ರೂ ಕೊಡ್ತೀನಿ. ಮಾರ್ಟಿನ್ ಹಬ್ಬದ ಮಧ್ಯಾಹ್ನದವರೆಗೂ ಕಾಯ್ತೀನಿ, ಅಷ್ಟೇ."

ಶತ್ರುವೂ ನಿಮ್ಮ ಮಾತನ್ನು ನಂಬುತ್ತಾನೆ. ಆ ನಂಬಿಕೆಗೆ ಎಷ್ಟು ಬೆಲೆ ತೆತ್ತಿದ್ದೇವೆಂದು ನನಗೆ ಗೊತ್ತು. ಒಂಬತ್ತು ವರ್ಷದ ಹಿಂದೆ ಇದೇ ಫರ್ಗಸ್ ನಿಮ್ಮನ್ನು ಸೆರೆಹಿಡಿದು, ಹಣ ಹೊಂದಿಸಿಕೊಂಡು ಬಾ ಎಂದು ಬರೀ ಮಾತಿನ ಮೇಲೆ ಮನೆಗೆ ಬಿಟ್ಟಿದ್ದ. ಹಣ ಹೊಂದಿಸಲಾಗಲಿಲ್ಲ. ಗಡುವಿನ ದಿನ ನಾನು ಬಾಗಿಲಿಗೆ ಅಡ್ಡ ನಿಂತೆ. ನೀವು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬರಿಗೈಯಲ್ಲಿ ವಾಪಸು ಹೋಗಿ ಅವನ ನೆಲಮಾಳಿಗೆಯಲ್ಲಿ ಹದಿನಾಲ್ಕು ತಿಂಗಳು ಕೂತಿರಿ. ಊರೆಲ್ಲ ನಿಮ್ಮನ್ನು ಹೊಗಳಿತು. ಹೊಗಳಿಕೆಯಿಂದ ಹೊಟ್ಟೆ ತುಂಬುವುದಿದ್ದರೆ ಆ ಚಳಿಗಾಲ ನಾವು ಚೆನ್ನಾಗಿಯೇ ಇದ್ದೆವು. ಇರಲಿ, ಆ ಜಗಳ ಈಗ ಬೇಡ. ನನಗೀಗ ಬೇಕಾಗಿರುವುದು ನಿಮ್ಮ ಆ ಮಾತೇ. ನೀವು ಡನ್‌ಕ್ರೇಗಿಗೆ ಹೋಗಿ, ನನ್ನ ಮಗ ನೈಟ್ ಹೌದು, ನಾನೇ ಮಾಡಿದ್ದೇನೆ ಎನ್ನಬೇಕು.

ನೀವು ಇಲ್ಲಿಗೆ ಓಲೆ ಕೆಳಗಿಡುತ್ತೀರಿ, ನನಗೆ ಗೊತ್ತು. ಇಡಬೇಡಿ. ನಾನು ಬಚ್ಚಿಟ್ಟಿರುವುದನ್ನು ಈಗ ಹೇಳುತ್ತೇನೆ.

ನಮ್ಮ ಹಿರಿಮಗ ರೇಫ್ ಹತ್ತೊಂಬತ್ತನೇ ವಯಸ್ಸಿಗೆ ನೈಟ್ ಆದ. ನೀವೇ ಅವನ ಸೊಂಟಕ್ಕೆ ಪಟ್ಟಿ ಬಿಗಿದು, ಹಿಮ್ಮಡಿಗೆ ಕುದುರೆ ತಿವಿಯುವ ಚಿನ್ನದ ಮುಳ್ಳು ಕಟ್ಟಿದಿರಿ. ಕಟ್ಟಿದ ನಲವತ್ತೊಂದನೇ ದಿನ ಅವನನ್ನು ಹಲಗೆಯ ಮೇಲೆ ಮನೆಗೆ ತಂದರು. ಆ ಮುಳ್ಳುಗಳನ್ನು ಬಿಚ್ಚಿ ತೊಳೆದವಳು ನಾನು. ಎರಡು ವರ್ಷ ಕಳೆಯುವುದರೊಳಗೆ ನೀವು ಅದೇ ಮುಳ್ಳುಗಳನ್ನು ಪಿಯರ್ಸ್‌ಗಾಗಿ ಉಜ್ಜಿ ಹೊಳಪು ಬರಿಸುತ್ತ ಕೂತಿದ್ದಿರಿ. ನನ್ನನ್ನು ಒಂದು ಮಾತು ಕೇಳಿದಿರಾ? ಕೇಳಿದ್ದರೂ ನಾನು ಏನು ಹೇಳುತ್ತಿದ್ದೆ ಎಂದು ನಿಮಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ನೈಟ್ ಆಗುವ ಮುನ್ನಾದಿನ ಹುಡುಗ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಉಪವಾಸವಿದ್ದು, ಇಗರ್ಜಿಯಲ್ಲಿ ರಾತ್ರಿಯಿಡೀ ಕತ್ತಿಯ ಮುಂದೆ ಎಚ್ಚರವಿರಬೇಕಿತ್ತು. ಬೆಳಿಗ್ಗೆ ನೀವು ಮೂವರು ನೆರೆಯ ನೈಟ್‌ಗಳನ್ನು ಕರೆದುಕೊಂಡು ಒಳಗೆ ಬಂದಾಗ ಅವನು ಮೆಟ್ಟಿಲ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಮುಂದಿನದನ್ನು ಇಡೀ ಸೀಮೆಯೇ ಆಡಿಕೊಂಡಿತು. ನಿದ್ದೆಗಣ್ಣ ಪಿಯರ್ಸ್ ಎಂಬ ಹೆಸರು ಇವತ್ತಿಗೂ ಹೋಗಿಲ್ಲ. ಯಾವ ನೈಟ್ ಕೂಡ ಅವನನ್ನು ನೈಟ್ ಮಾಡಲು ಮುಂದೆ ಬರಲಿಲ್ಲ.

ಅವನು ನಿದ್ದೆ ಮಾಡಲಿಲ್ಲ. ನಾನು ಮಾಡಿಸಿದೆ. ಬಿಸಿ ಬಿಯರಿಗೆ ಜೇನು ಬೆರೆಸಿ, ಅದರೊಳಗೆ ಗಸಗಸೆ ಕಾಯಿ ಕುದಿಸಿದ ರಸ ಹಾಕಿ ಕೊಟ್ಟೆ. "ಉಪವಾಸ ಅಮ್ಮಾ" ಅಂದ. "ಹೆತ್ತವಳ ಕೈಯಿಂದ ಕುಡಿದ್ರೆ ಉಪವಾಸ ಮುರಿಯಲ್ಲ ಕಣೋ, ಚಳಿ ಇದೆ, ಕುಡಿ" ಅಂದೆ. ನನ್ನ ಮೇಲಿನ ಪ್ರೀತಿಗೆ ಕುಡಿದ. ನೈಟ್ ಆಗದಿದ್ದರೆ ಯುದ್ಧಕ್ಕೆ ಹೋಗಲಾರ, ಯುದ್ಧಕ್ಕೆ ಹೋಗದಿದ್ದರೆ ಸಾಯಲಾರ ಎಂದು ನಾನು ಲೆಕ್ಕ ಹಾಕಿದ್ದೆ. ಆದದ್ದೇನು? ಹೆಸರು ಕೆಟ್ಟ ಹುಡುಗ ಅದನ್ನು ಸರಿಮಾಡಿಕೊಳ್ಳಲು ಕಂಡ ಕಂಡ ಜಗಳಕ್ಕೆಲ್ಲ ಬಿಲ್ಲುಗಾರರ ಜೊತೆ ಹೋದ, ಮೈಮೇಲೆ ಸರಿಯಾದ ಕವಚವೂ ಇಲ್ಲದೆ. ಈಗ ಅವನನ್ನು ಉಳಿಸಬಹುದಾದದ್ದು ನೈಟ್ ಎಂಬ ಒಂದೇ ಒಂದು ಹೆಸರು. ಅದನ್ನು ಕಿತ್ತುಕೊಂಡವಳು ಹೆತ್ತ ತಾಯಿ. ನಾನು ಎಲ್ಲಿ ಹೋಗಿ ಸಾಯಲಿ, ಹೇಳಿ.

ಇಲ್ಲ, ಅಳುವುದಕ್ಕೆ ಹೊತ್ತಿಲ್ಲ. ಆ ಬೆಳಗನ್ನು ನೆನಪು ಮಾಡಿಕೊಳ್ಳಿ. ನೀವು ಅವನ ಅಂಗಿಯ ಕೊರಳಪಟ್ಟಿ ಹಿಡಿದು ಎಬ್ಬಿಸಿ, ಅಂಗೈಯಿಂದ ಕುತ್ತಿಗೆಯ ಮೇಲೆ ಒಂದು ಏಟು ಕೊಟ್ಟಿರಿ. "ಇನ್ನಾದರೂ ಧೀರನಾಗು" ಎಂದಿರಿ. ಅವನು ತೂರಾಡಿದ, ಬೀಳಲಿಲ್ಲ. ಕೈ ಎತ್ತಲಿಲ್ಲ. ನೀವು ಅಲ್ಲಿಂದಲೇ ಕುದುರೆ ಹತ್ತಿ ಹೋದವರು ಮತ್ತೆ ಮನೆಯ ಹೊಸ್ತಿಲು ತುಳಿದಿಲ್ಲ. ಈಗ ಹೇಳಿ, ನೈಟ್ ಮಾಡುವುದೆಂದರೆ ಇನ್ನೇನು? ಪಟ್ಟಿ, ಮುಳ್ಳು ಎಲ್ಲ ಅಲಂಕಾರ. ರಣರಂಗದಲ್ಲಿ ಅವಿಲ್ಲದೆಯೂ ಮಾಡುತ್ತಾರೆ. ರಾಜ ಬೇಡ, ಪಾದ್ರಿ ಬೇಡ. ಒಬ್ಬ ನೈಟ್ ಇನ್ನೊಬ್ಬನ ಕುತ್ತಿಗೆಗೆ ಒಂದು ಏಟು ಕೊಟ್ಟು ಧೀರನಾಗು ಎಂದರೆ ಮುಗಿಯಿತು. ಜೀವಮಾನದಲ್ಲಿ ತಿರುಗಿಸಿ ಕೊಡಬಾರದ ಏಟು ಅದೊಂದೇ ಎಂದು ನೀವೇ ಮಕ್ಕಳಿಗೆ ಹೇಳಿಕೊಟ್ಟಿದ್ದಿರಿ. ಸ್ನಾನವಾಗಿತ್ತು, ಬಿಳಿ ಅಂಗಿಯಿತ್ತು, ಇಗರ್ಜಿಯಿತ್ತು, ಮೂವರು ಸಾಕ್ಷಿಗಳಿದ್ದರು, ಏಟಿತ್ತು, ಮಾತಿತ್ತು. ಇಲ್ಲದ್ದು ನಿಮ್ಮ ಪ್ರೀತಿ ಒಂದೇ. ಅದನ್ನು ಫರ್ಗಸ್ ಕೇಳುವುದಿಲ್ಲ.

ಇದು ಸುಳ್ಳು ಎನ್ನುತ್ತೀರಿ. ಆಗಲಿ, ಸುಳ್ಳೇ ಹೇಳಿ! ಅರವತ್ತು ವರ್ಷ ಕೂಡಿಟ್ಟ ಸತ್ಯದಲ್ಲಿ ಮಗನಿಗೆ ಒಂದು ದಿನದ ಖರ್ಚಿಗೂ ಕೊಡಲಾರಿರಾ? ನಮ್ಮಜ್ಜಿ ಹೇಳುತ್ತಿದ್ದಳು, ಅವಳ ಅಜ್ಜಿಯ ಕಾಲಕ್ಕೆ ನೈಟ್ ಅಂದರೆ ಮನೆಯಲ್ಲಿ ಸೌದೆ ಹೊರುವ, ನೀರು ತರುವ ಊಳಿಗದ ಆಳು ಅಂತಲೇ ಅರ್ಥವಿತ್ತಂತೆ. ಆಮೇಲೆ ಅವನು ಕುದುರೆ ಏರಿದ, ಕತ್ತಿ ಹಿಡಿದ, ಹೊಲಗದ್ದೆ ಸಂಪಾದಿಸಿದ, ಹೆಸರಿನ ಮುಂದೆ ಸರ್ ಅಂಟಿಸಿಕೊಂಡ. ಹೊರುವುದನ್ನು ಮರೆತ. ನೀವು ಒಂದು ಸಲ ಹಳೆಯ ಅರ್ಥದ ನೈಟ್ ಆಗಿ. ಈ ಹೊರೆಯೊಂದನ್ನು ಹೊತ್ತುಬಿಡಿ. ಆಮೇಲೆ ಜೀವ ಇರುವವರೆಗೂ ನನ್ನ ಮುಖ ನೋಡಬೇಡಿ, ನಾನು ಚಕಾರ ಎತ್ತುವುದಿಲ್ಲ.

ಹಾಬ್‌ಗೆ ಓದು ಬಾರದು. ಆದರೂ ಹೆದರಿಕೆಗೆ ಈ ಓಲೆಗೆ ಮೂರು ಕಡೆ ಮುದ್ರೆ ಒತ್ತುತ್ತಿದ್ದೇನೆ.

ಕೈಮುಗಿದು ಬೇಡುವ,
ಏವಿಸ್

ಮತ್ತೆ ಬರೆಯುವುದು: ಪಿಯರ್ಸ್‌ಗೆ ಗೊತ್ತು. ಮಾರನೆಯ ದಿನ ಅವನೇ ಬಂದು, "ಅಮ್ಮ, ಆ ಬಿಯರು ಕಹಿ ಇತ್ತು" ಅಂದ. ಅವನು ಮತ್ತೇನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ನಾಲ್ಕು ವರ್ಷ ನನ್ನ ಮಾನವನ್ನು ಅವನು ಕಾಪಾಡಿದ್ದಾನೆ.

*

ಡನ್‌ಕ್ರೇಗ್
ಸಂತ ಮಾರ್ಟಿನ್ ಹಬ್ಬದ ಮಾರನೆಯ ದಿನ

ಏವಿಸ್‌ಗೆ ಜರ್ವೇಸ್‌ನ ಆಶೀರ್ವಾದ. ಆಶೀರ್ವಾದ ಮಾಡುವ ಯೋಗ್ಯತೆ ಇದ್ದರೆ.

ಮೊದಲು ನೀನು ಕಾಯುತ್ತಿರುವ ಮಾತು: ಮಗ ಬದುಕಿದ್ದಾನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ, ನಿಧಾನವಾಗಿ ಓದು.

ನಿನ್ನ ಓಲೆ ಓದಿ ಕೋಟೆಯ ಅಧಿಕಾರಿಯನ್ನು ರಜೆ ಕೇಳಿದೆ, ಕೊಡಲಿಲ್ಲ. ಕೇಳದೆ ಹೊರಟೆ. ಕಾವಲು ಬಿಟ್ಟವನೆಂಬ ಹೆಸರು ಈಗಾಗಲೇ ಬಂದಿರಬೇಕು. ದಾರಿಯುದ್ದಕ್ಕೂ ನೀನು ಹೇಳಿಕೊಟ್ಟ ಮಾತನ್ನು ಬಾಯಿಪಾಠ ಮಾಡುತ್ತ ಹೋದೆ. ಒಂದು ಸಲವೂ ಕೊನೆಯವರೆಗೆ ಹೇಳಲಾಗಲಿಲ್ಲ. ನದಿಯಲ್ಲಿ ನೀರು ಏರಿತ್ತು, ಸುತ್ತಿ ಬರಬೇಕಾಯಿತು. ಡನ್‌ಕ್ರೇಗಿನ ಅಂಗಳ ಸೇರುವಾಗ ಹೊತ್ತು ನೆತ್ತಿಗೆ ಬಂದಿತ್ತು. ಸುಟ್ಟ ಕೊಟ್ಟಿಗೆಯಲ್ಲಿ ಒಂದು ತೊಲೆ ಮಾತ್ರ ಉಳಿದಿದೆ. ಅದಕ್ಕೆ ಆರು ಹಗ್ಗ ಕಟ್ಟಿ, ಕೆಳಗೆ ಆರು ಜನರನ್ನು ಸಾಲಾಗಿ ನಿಲ್ಲಿಸಿದ್ದರು. ಪಿಯರ್ಸ್ ಮೊದಲನೆಯವನು. ನಾಲ್ಕು ವರ್ಷದಲ್ಲಿ ಎಷ್ಟು ಎತ್ತರ ಬೆಳೆದಿದ್ದಾನೆ, ನೀನು ಬರೆದಿರಲಿಲ್ಲ.

"ಬಾರಪ್ಪ ಜರ್ವೇಸ್, ಊಟದ ಹೊತ್ತಿಗೇ ಬಂದೆ" ಎಂದ ಫರ್ಗಸ್. "ನಿನ್ನ ಮಗನಿಗೆ ಬಾಯೇ ಇಲ್ಲ, ಎಲ್ಲಾದಕ್ಕೂ ಅಪ್ಪನ್ನ ಕೇಳಿ ಅಂತಾನೆ. ಹೇಳಿಬಿಡು, ಇವನು ನೈಟಾ? ಶಿಲುಬೆ ಗಿಲುಬೆ ಮುಟ್ಟೋದೇನೂ ಬೇಡ. ನಿನ್ನ ಮಾತಿದ್ರೆ ಸಾಕು."

ನನ್ನನ್ನು ನಂಬದೆ ಶಿಲುಬೆ ಮುಟ್ಟಿಸಿದ್ದರೆ ಸುಳ್ಳು ಹೇಳುವುದು ಸುಲಭವಾಗುತ್ತಿತ್ತು. ನಾನು ಹೇಳಿದೆ: "ಹೌದು. ನಾಲ್ಕು ವರ್ಷದ ಹಿಂದೆ ನಮ್ಮೂರ ಇಗರ್ಜಿಯಲ್ಲಿ, ಮೂವರು ನೈಟ್‌ಗಳ ಮುಂದೆ, ನನ್ನ ಈ ಕೈಯಲ್ಲೇ."

"ಏನಂತ ಹೇಳಿ ಹೊಡೆದೆ?"

"ಇನ್ನಾದರೂ ಧೀರನಾಗು ಅಂದೆ."

"ಇನ್ನಾದರೂ? ಇದೆಂಥಾ ಆಶೀರ್ವಾದನಯ್ಯ!" ಎಂದ. ಅಂಗಳವೆಲ್ಲ ನಕ್ಕಿತು. ಪಿಯರ್ಸ್ ನಗಲಿಲ್ಲ, ನನ್ನನ್ನೇ ನೋಡಿದ. ಅಪ್ಪ ಸುಳ್ಳು ಹೇಳಿದ್ದನ್ನು ಅವನು ಹುಟ್ಟಿದ ಮೇಲೆ ಮೊದಲ ಸಲ ನೋಡುತ್ತಿದ್ದ. ಫರ್ಗಸ್ ಸನ್ನೆ ಮಾಡಿದ, ಕೊರಳಿನ ಹಗ್ಗ ತೆಗೆದರು.

ಅವನು ನನ್ನ ಕಡೆ ಬರುತ್ತಾನೆಂದು ನಾನು ತೋಳು ಚಾಚಿದೆ. ಅವನು ತಿರುಗಿ ಪಕ್ಕದಲ್ಲಿದ್ದವನ ಕುತ್ತಿಗೆಗೆ, ಕಟ್ಟಿದ ಎರಡೂ ಕೈಗಳಿಂದ ಒಂದು ಏಟು ಕೊಟ್ಟ. "ಧೀರನಾಗು" ಅಂದ. ಏಟು ತಿಂದವನು ನಮ್ಮ ಹಂದಿ ಕಾಯುವವನ ಮಗ ಡಿಕನ್. ಆಮೇಲೆ ಅವನ ಪಕ್ಕದವನಿಗೆ, ಅವನಾಚೆಯವನಿಗೆ. ಏನಾಗುತ್ತಿದೆ ಎಂದು ಜನಕ್ಕೆ ತಿಳಿಯುವಷ್ಟರಲ್ಲಿ ಐದೂ ಜನಕ್ಕೆ ಏಟು ಬಿದ್ದಾಗಿತ್ತು.

"ಏಯ್! ಏನೋ ಅದು?" ಎಂದು ಫರ್ಗಸ್ ಕೂಗಿದ.

"ಒಬ್ಬ ನೈಟ್ ಇನ್ನೊಬ್ಬನ್ನ ನೈಟ್ ಮಾಡಬಹುದು. ನಾನು ನೈಟ್ ಅಂತ ಈಗ ತಾನೇ ನೀವೇ ಒಪ್ಪಿದ್ರಲ್ಲ" ಅಂದ ಪಿಯರ್ಸ್.

"ಹಂದಿ ಕಾಯೋನ ಮಗ ನೈಟಾ? ನಾಳೆ ಹಂದಿಗಳನ್ನೂ ನನ್ನ ಮೇಜಿಗೆ ಕೂರಿಸ್ತೀಯೇನೋ?"

ಪಾಪ, ಡಿಕನ್ ಹಲ್ಲು ಕಟಕಟಿಸುತ್ತ, "ನಾನು ಜಾಸ್ತಿ ತಿನ್ನಲ್ಲ ಸ್ವಾಮಿ" ಅಂದುಬಿಟ್ಟ. ಈ ಸಲ ನಕ್ಕವರು ಕಡಿಮೆ. ಫರ್ಗಸ್‌ನ ಮುಖ ಕೆಂಪಾಗಿತ್ತು. ಅವನು ನನ್ನ ಕಡೆ ತಿರುಗಿ ಹೇಳಿದ: "ಜರ್ವೇಸ್, ಹುಡುಗನ್ನ ಕರ್ಕೊಂಡು ಹೋಗು, ಹಣ ಆಮೇಲೆ ಕಳಿಸು. ಈ ಐದು ಜನ ನೈಟ್‌ಗಳಲ್ಲ ಅಂತ ಒಂದು ಮಾತು ಹೇಳು ಸಾಕು. ಹೌದು ಅಂತೀಯೋ, ಆಗ ಇವರ ಬಿಡುಗಡೆಗೂ ನೀನೇ ಹೊಣೆ. ಯೋಚನೆ ಮಾಡು."

ನೀನಿದ್ದಿದ್ದರೆ ಮಗನ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದೆ, ಏವಿಸ್. ನಾನೂ ಅದನ್ನೇ ಮಾಡಲು ಹೊರಟಿದ್ದೆ. ಆದರೆ ಪಿಯರ್ಸ್ ಮತ್ತೆ ಸಾಲಿನ ತುದಿಗೆ ಹೋಗಿ ತನ್ನ ಹಗ್ಗದ ಕೆಳಗೆ ನಿಂತಿದ್ದ. ಬೇಡಿಕೊಳ್ಳಲಿಲ್ಲ, ಹಟ ಮಾಡಲಿಲ್ಲ, ಸುಮ್ಮನೆ ನಿಂತಿದ್ದ. ನಲವತ್ತು ವರ್ಷ ಪಟ್ಟಿ ಕಟ್ಟಿಕೊಂಡು ತಿರುಗಿದವನು ನಾನು. ನೈಟ್ ಅಂದರೆ ಏನೆಂದು ಅವತ್ತು ನೋಡಿದೆ.

"ಆರು ಜನವೂ ನೈಟ್‌ಗಳೇ. ನನ್ನ ಮಾತು" ಅಂದೆ. ಸರಿಯಾಗಿ ಲೆಕ್ಕ ಹಾಕಿದರೆ ಮೊದಲನೆಯ ಮಾತು ಸುಳ್ಳಾದ ಮೇಲೆ ಎರಡನೆಯದೂ ಸುಳ್ಳೇ. ಆದರೆ ಹೇಳುವಾಗ ನನ್ನ ನಾಲಗೆ ತೊದಲಲಿಲ್ಲ.

ಫರ್ಗಸ್ ತೊಲೆಯ ಹತ್ತಿರ ಬಂದು ಹಗ್ಗವೊಂದನ್ನು ಎಳೆದು ನೋಡಿದ. "ನಿನ್ನ ಜಾಗದಲ್ಲಿ ಬೇರೆ ಯಾರಿದ್ರೂ ಏಳನೇ ಹಗ್ಗ ಕಟ್ಟಿಸ್ತಿದ್ದೆ" ಅಂದ. ಆಮೇಲೆ ಅವನು ಹೇಳಿದ್ದು ಇಷ್ಟು: ಆರು ಜನರನ್ನೂ ಬಿಡುತ್ತಾನೆ. ಆರು ನೈಟ್‌ಗಳ ಬಿಡುಗಡೆ ಹಣ ಬರುವವರೆಗೆ ನಾನು ಇಲ್ಲಿರಬೇಕು. ಆ ಹಣ ನಮ್ಮಿಂದ ಈ ಜನ್ಮದಲ್ಲಿ ಹೊಂದಿಸಲಾಗುವುದಿಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಹೊಲ ಮಾರಬೇಡ. ನಿನ್ನ ಬೆಳ್ಳಿ ಬಟ್ಟಲನ್ನೂ ಮುಟ್ಟಬೇಡ. ನನ್ನನ್ನು ಕೋಣೆಗೆ ಹಾಕಿ ಬೀಗ ಹಾಕಿಲ್ಲ, ಮಾತು ಕೊಟ್ಟಿದ್ದೇನಲ್ಲ, ಅದು ಸಾಕಂತೆ. ಬೆಳಿಗ್ಗೆ ಸುಮ್ಮನೆ ಕೂರಲಾರದೆ ಅಡುಗೆಮನೆಗೆ ಸೌದೆ ಹೊತ್ತು ಹಾಕಿದೆ. ಅಡುಗೆಯವಳು ಓಟ್ಸ್ ರೊಟ್ಟಿ ಕೊಟ್ಟಳು. ನಿನ್ನ ಅಜ್ಜಿಯ ಅರ್ಥದಲ್ಲಿ ನಾನೀಗ ಪಕ್ಕಾ ನೈಟ್.

ಪಿಯರ್ಸ್ ಹೊರಡುವ ಸಿದ್ಧತೆ ಮಾಡಿಕೊಂಡು ಬಂದು ನನ್ನ ಮುಂದೆ ಮೊಣಕಾಲೂರಿ ಕುತ್ತಿಗೆ ಬಗ್ಗಿಸಿದ. "ಈಗ ಸರಿಯಾಗಿ ಕೊಡಿ, ಅಪ್ಪ" ಅಂದ. ನನ್ನ ಕೈ ಏಳಲಿಲ್ಲ, ಏವಿಸ್. ಕುತ್ತಿಗೆಯ ಮೇಲೆ ಸುಮ್ಮನೆ ಇಟ್ಟೆ. ಹಗ್ಗ ಉಜ್ಜಿದ ಗಾಯ ಬಿಸಿಯಾಗಿತ್ತು. ಅದಕ್ಕೆ ಹಂದಿ ಕೊಬ್ಬು ಹಚ್ಚು. ಬಾಗಿಲಿನಲ್ಲಿ ನಿಂತು, "ಅಮ್ಮ ಹೆದರಿದ್ಲು, ಅಷ್ಟೇ. ಬಯ್ದು ಬರೀಬೇಡಿ" ಎಂದು ಹೇಳಿ ಅಂಗಳಕ್ಕೆ ಇಳಿದ. ಹಾಗಾಗಿ ಬಯ್ಯುವುದಿಲ್ಲ. ಬಯ್ಯುವ ಹಕ್ಕೂ ನನಗಿಲ್ಲ, ಏಕೆಂದು ಕೆಳಗೆ ಬರೆದಿದ್ದೇನೆ.

ನಾಲ್ಕು ವರ್ಷದ ಹಿಂದೆಯೇ ಮನೆಗೆ ಬರಬೇಕಾಗಿದ್ದ,
ಜರ್ವೇಸ್

ಮತ್ತೆ ಬರೆಯುವುದು: ಆ ಬೆಳಿಗ್ಗೆ ಮೆಟ್ಟಿಲ ಕೆಳಗೆ ಒಂದು ಬಟ್ಟಲು ಉರುಳಿತ್ತು. ಹುಡುಗನನ್ನು ಎಬ್ಬಿಸುವ ಮೊದಲೇ ಎತ್ತಿ ಮೂಸಿ ನೋಡಿದ್ದೆ. ಗಸಗಸೆಯ ವಾಸನೆ, ನಿನ್ನ ಬಟ್ಟಲು. ಎಲ್ಲ ಗೊತ್ತಾಯಿತು. ಹಿಂದೆ ಮೂವರು ನೈಟ್‌ಗಳು ನಿಂತಿದ್ದರು. ಹೆಂಡತಿ ಮಗನಿಗೆ ಮದ್ದು ಹಾಕಿದಳು ಎಂದು ಅವರ ಮುಂದೆ ಹೇಳಲು ನಾಚಿಕೆಯಾಯಿತು. ತಪ್ಪಿಲ್ಲವೆಂದು ಗೊತ್ತಿದ್ದೂ ಅವನಿಗೆ ಹೊಡೆದೆ. ಎದುರೆದುರು ನಿಂತು ಇದನ್ನು ಪಿಯರ್ಸ್‌ಗೆ ಹೇಳುವ ಧೈರ್ಯ ನಿನ್ನೆಯೂ ಬರಲಿಲ್ಲ, ಇವತ್ತೂ ಬರಲಿಲ್ಲ. ಈ ಓಲೆಯನ್ನು ತರುತ್ತಿರುವವನು ಅವನೇ, ಓದು ಬಲ್ಲವನು. ನಾನು ಮುದ್ರೆ ಒತ್ತಿಲ್ಲ.